ಕ್ಯಾನಿನ ನೀರಿನ ಕಾಗದ

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಮುದ್ದಿನ ಮಗಳೇ,

ಆಶೀರ್ವಾದಗಳು. ಹೋಪ್ ದಿಸ್ ಲೆಟರ್ ಫೈಂಡ್ಸ್ ಯೂ ಇನ್ ದಿ ಬೆಸ್ಟ್ ಆಫ್... ಮುಂದಿನ ಪದ ಮರೆತಿದೆ, ಆರೋಗ್ಯ ಎಂದಿಟ್ಟುಕೋ. ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿದವನೇ ಹೀಗೆ ಮಾಡಿದರೆ ಹೇಗೆ ಎಂದು ಬೈಯಬೇಡ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ವಿದ್ಯುತ್ ಕಂಪನಿಯ ಬೂದಿ ಹೊಂಡದ ಏರಿ ಇನ್ನೂ ಎತ್ತರವಾಗಿದೆ. ಬಾವಿ ನೀರನ್ನು ಲೋಟದಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ತಳದಲ್ಲಿ ಬೂದುಬಣ್ಣದ ಉಂಗುರ ಕೂರುತ್ತದೆ. ಅದನ್ನೇ ಇಪ್ಪತ್ತು ವರ್ಷ ಕುಡಿದೆವು. ಕಂಪನಿಯವರು ಕೊಡುತ್ತಿದ್ದ ಕ್ಯಾನು ನಿಂತು ಎಂಟು ತಿಂಗಳಾಯಿತು. ಕೊನೆಯದು ಅಡುಗೆಮನೆಯ ಸ್ಟ್ಯಾಂಡಿನ ಮೇಲೆ ಇನ್ನೂ ಬೋರಲಾಗಿ ಕೂತಿದೆ, ಖಾಲಿ. ಆದರೂ ಒಮ್ಮೊಮ್ಮೆ ಅದರೊಳಗೆ ಗುಳುಗುಳು ಎಂದು ಗುಳ್ಳೆ ಏಳುವ ಸದ್ದು ಕೇಳಿಸುತ್ತದೆ. ನಿನ್ನ ಅಮ್ಮ ಲೋಟ ಹಿಡಿದಳೇನೋ ಎಂದು ಎದ್ದು ಹೋಗುತ್ತೇನೆ. ನಲ್ಲಿಯ ಕೆಳಗೆ ನೆಲ ಒಣಗಿಯೇ ಇರುತ್ತದೆ.

ಕಂಪನಿಯ ಮೇಲೆ ಊರವರು ಹಾಕಿರುವ ಬಾವಿ ನೀರಿನ ಕೇಸಿನ ವಕೀಲಮ್ಮ ಬಂದಿದ್ದರು. "ಯಜಮಾನ್ರೇ, ನಮ್ಮ ಕೇಸಿಗೆ ಅಡ್ಡ ನಿಂತಿರೋದೇ ಕ್ಯಾನು ಕೊಡೋ ಮೊದಲು ಕಂಪನಿ ಸಹಿ ಹಾಕಿಸಿಕೊಂಡ ಆ ಕಾಗದ. ಕ್ಯಾನು ತಗೊಂಡವರು ಬಾವಿ ಬಗ್ಗೆ ಮುಂದೆ ಯಾವತ್ತೂ ದೂರು ಕೊಡೋ ಹಾಗಿಲ್ಲ ಅಂತ ಅದರಲ್ಲಿದೆ. ಅರವತ್ತು ಮನೆಯವರೂ ಸಹಿ ಹಾಕಿದ್ದಾರೆ. ಆ ಸಾಲು ಜನಕ್ಕೆ ಗೊತ್ತೇ ಇರಲಿಲ್ಲ ಅಂತ ಸಾಬೀತಾದ್ರೆ ಮಾತ್ರ ಕಂಪನಿನ ಹಿಡಿಯಬಹುದು" ಎಂದರು.

ಕಾಗದ ಇಂಗ್ಲಿಷಿನಲ್ಲಿತ್ತಲ್ಲ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಅರ್ಥ ಹೇಳಿದವನು ನಾನೇ. "ಇಂಗ್ಲಿಷಪ್ಪ ಓದಿದ ಮೇಲೆ ಮುಗೀತು. ಎಲ್ಲಿ ಒತ್ತಲಿ ಹೆಬ್ಬೆಟ್ಟು?" ಎಂದು ಇಸ್ತ್ರಿಯವನು ಎಲ್ಲರನ್ನೂ ನಗಿಸಿದ್ದ. ಈಗ ಅವನ ಹೆಂಡತಿಗೂ ಮೂತ್ರಪಿಂಡದ ಕಾಯಿಲೆ, ನಿನ್ನ ಅಮ್ಮನಿಗೆ ಬಂದದ್ದೇ. ನಿನ್ನೆ ಸಿಕ್ಕಾಗ ಅವನೇ ನನಗೆ ಸಮಾಧಾನ ಹೇಳಿದ. "ಬಿಡಿ ಇಂಗ್ಲಿಷಪ್ಪ, ಕಂಪನಿಯವರ ಇಂಗ್ಲಿಷು ದೇವರಿಗೂ ತಿಳಿಯಲ್ಲ, ಇನ್ನು ನಿಮಗೆ ತಿಳಿಯುತ್ತಾ?"

ಶುಕ್ರವಾರ ವಿಚಾರಣೆ, ನಾನೇ ಸಾಕ್ಷಿ. ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು, ಕನ್ನಡಕ ಹಳೆಯದು, ಅರ್ಥವಾಗಲಿಲ್ಲ ಎಂದುಬಿಟ್ಟರಾಯಿತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪುಟ್ಟಿಗೆ ಮುತ್ತು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನನಗೆ ಅರ್ಥವಾಗಿತ್ತು ಮಗಳೇ, ಒಂದೊಂದು ಪದವೂ. ದೂರು ಕೊಡುವ ಹಾಗಿಲ್ಲ ಎಂಬ ಆ ಸಾಲಿಗೆ ಬಂದಾಗ ನಿಂತೆ. ಪಕ್ಕದಲ್ಲಿ ಕೂತಿದ್ದ ಕಂಪನಿಯ ಅಧಿಕಾರಿ ಕಿವಿಯ ಹತ್ತಿರ ಬಗ್ಗಿ, "ಅದೊಂದು ಬಿಟ್ಟು ಓದಿ ಸಾರ್. ಎಲ್ಲರ ಸಹಿ ಆದ್ರೆ ನೀರಿನ ಲಾರಿ ಇವತ್ತೇ ಬರುತ್ತೆ. ಮನೇಲಿ ಹುಷಾರಿಲ್ಲವಂತಲ್ಲ?" ಎಂದ. ಒಳಗೆ ನಿನ್ನ ಅಮ್ಮ ಊದಿದ ಕಾಲು ಚಾಚಿ ಮಲಗಿದ್ದಳು. ಬಿಟ್ಟು ಓದಿದೆ.

ಸಂಜೆ ಮೊದಲ ಲೋಟ ಕೊಟ್ಟಾಗ ಕೇಳಿದಳು, "ಓದ್ತಾ ಓದ್ತಾ ನಡುವೆ ನಿಂತ್ರಲ್ಲ, ಏನಿತ್ತು ರೀ ಅಲ್ಲಿ?"

"ಕೆಮ್ಮು ಬಂತು ಕಣೇ" ಎಂದೆ. ನನ್ನ ಮುಖ ನೋಡಿಕೊಂಡೇ ಕುಡಿದಳು. ಹತ್ತೊಂಬತ್ತು ದಿನ ಕುಡಿದಳು, ಅಷ್ಟೇ.

ಶುಕ್ರವಾರ ಆ ಸಾಲನ್ನು ಜೋರಾಗಿ ಓದುತ್ತೇನೆ. ಬಿಟ್ಟು ಓದಿ ಎಂದವರು ಯಾರು, ಬಿಟ್ಟವರು ಯಾರು, ಎರಡನ್ನೂ ಹೇಳುತ್ತೇನೆ. ಇಸ್ತ್ರಿಯವನು ಮುಂದಿನ ಬೆಂಚಿನಲ್ಲೇ ಕೂತಿರುತ್ತಾನೆ.