ಅಡ್ಡ ಕೊಯ್ಯದ ಕಲ್ಲು

12-2-1979, ಕುಷ್ಟಗಿ
ಕರೆಂಟ್ ಇಲ್ಲ, ಯಥಾಪ್ರಕಾರ. ಮೈಕ್ರೋಸ್ಕೋಪ್ ಕಿಟಕಿ ಬೆಳಕಿಗೆ ಇಟ್ಟೆ. ನಾ ಕಳಿಸಿದ ಬಾವಿ ಕಲ್ಲಿನ ಸ್ಲೈಡ್ ಮುನಿರಾಬಾದ್ ಲ್ಯಾಬಿನಿಂದ ಬಂದೈತಿ. ಕಲ್ಲನ್ನ ಕಾಗದಕ್ಕಿಂತ ತೆಳ್ಳಗ ತಿಕ್ಕಿ ಗಾಜಿಗೆ ಅಂಟಸೋದು ಅಲ್ಲಿ ಕಲ್ಲು ಕೊಯ್ಯೋ ಬಾಬಾಸಾಬನಿಂದ ಕಲೀಬೇಕು. ಭಾಳ ಛಂದ ಸ್ಲೈಡ್. ಕಾಗಿಬಂಗಾರದ ಕಂದು ಚಕ್ಕೆ, ಅಗಲ ಅಗಲ, ನುಣ್ಣಗ. ಹಸಿರು ಹಾರ್ನ್‌ಬ್ಲೆಂಡ್ ಹರಳು ಎತ್ತ ಬೇಕಾದತ್ತ ಬಿದ್ದಾವ. ನಡುವ ಎರಡು ಗಾರ್ನೆಟ್ ಹರಳು. ಸಾಲಿಲ್ಲ, ಪದರಿಲ್ಲ. ಗಟ್ಟಿ ಕಲ್ಲು. ಬಾವಿ ನೆಟ್ಟಗ ಇಳಸಬಹುದು, ಆಸರಿಗೆ ಗ್ವಾಡಿ ಕಟ್ಟೋದು ಬೇಕಿಲ್ಲ — ರಿಪೋರ್ಟ್ ಬರದೆ.

14-2
ಬಾವಿಗೆ ಹೋಗಿದ್ದೆ. ಊರ ಕುಡ್ಯೋ ನೀರಿನ ಬಾವಿ. ಮೂವತ್ತು ಅಡಿ ಆಗೇತಿ. ತೋಡೋ ಮೇಸ್ತ್ರಿ ಹೊನ್ನೂರಪ್ಪ ಗ್ವಾಡಿ ಮ್ಯಾಲೆ ಕೈ ಆಡಿಸಿ ಅಂದ — "ಸಾಹೇಬ್ರ, ಪಡುವಲ ಗ್ವಾಡಿ ಪದರ ಐತ್ರಿ. ಬಾವಿ ಕಡೀಗೆ ವಾಲೇತಿ. ಬುಡ ಕಡದ್ರ ಜಾರತೈತಿ."
ನಕ್ಕೆ. "ಮೈಕ್ರೋಸ್ಕೋಪಿನ್ಯಾಗ ನೋಡೀನೋ ಮಾರಾಯ. ಪದರ ಗಿದರ ಏನಿಲ್ಲ."
"ಅಲ್ರೀ, ಸುತ್ತಿಗಿ ಬಡದ್ರ ಡಬ್ ಅಂತೈತಿ…"
"ನಿನ್ನ ಸುತ್ತಿಗಿ ಎಷ್ಟನೇ ಕ್ಲಾಸ್ ಓದೇತಿ?"
ಎಲ್ಲಾರೂ ನಕ್ರು. ಅವನೂ ನಕ್ಕ. "ಆತು ಬಿಡ್ರಿ. ನೀವು ಕಲ್ಲಿನ ಹೊಟ್ಟ್ಯಾಗ ನೋಡೀರಿ." ಕೆಳಗ ಇಳದ.
ಮಧ್ಯಾಹ್ನ ತನ್ನ ಬುತ್ತಿ ನನ್ನ ಮುಂದ ಸರಿಸಿದ. ಹೆಂಡ್ತಿ ಪಕೀರಮ್ಮ ಕಟ್ಟಿದ ರೊಟ್ಟಿ, ಪುಂಡಿಪಲ್ಯ. ಎರಡು ತಿಂದೆ.

23-2
ಹೊನ್ನೂರಪ್ಪ ಸತ್ತ. ಬುಡ ಕಡಿಯಾಗ ಪಡುವಲ ಗ್ವಾಡಿ ಒಮ್ಮೆಲೆ ಜಾರ್ತು. ಅವ ಕೆಳಗಿದ್ದ.
ಬರಿಯಾಕ ಆಗವಲ್ದು.

9-3
ಎನ್ಕ್ವೈರಿ ಮುಗೀತು. ಸಿಡಿಮದ್ದು ಜಾಸ್ತಿ ಹಾಕ್ಯಾನ, ಮೇಸ್ತ್ರೀದ ತಪ್ಪು — ಹಂಗ ಬರದ್ರು. ನನ್ನ ರಿಪೋರ್ಟ್ ಮುಂದಿಟ್ಟು "ಕಲ್ಲು ಗಟ್ಟಿ ಇತ್ತಲ್ರಿ?" ಅಂದ್ರು. ಗೋಣು ಹಾಕಿದೆ. ಥೂ ನನ್ನ ಜನ್ಮಕ್ಕ.
ಬಿದ್ದ ಕಲ್ಲಿಂದ ಒಂದು ತುಂಡು ತಂದೀನಿ. ಜಾರಿದ ಮೈ ತುಂಬ ಕಾಗಿಬಂಗಾರ ಮಿಂಚತೈತಿ.

13-3, ಮುನಿರಾಬಾದ್
ಬಾಬಾಸಾಬ ಮೊದಲ ಸ್ಲೈಡ್ ಮಾಡಿದ ತುಂಡಿನ ಉಳದ ಅರ್ಧ ತಗದು ಕೊಟ್ಟ. "ಯಾವ ಕಡೆ ಕೊಯ್ಯಬೇಕು ಅಂತ ನೀವು ಕೆಂಪು ಗೆರಿ ಹಾಕಿ ಕಳಸ್ತಿದ್ರಿ ಸಾಬ್. ಈ ಸಲ ಗೆರಿ ಇದ್ದಿಲ್ಲ. ಸಪಾಟ ಇದ್ದ ಕಡೆ ಕೊಯ್ದೆ."
ಹೌದು. ಕಲ್ಲು ಕಳಸೋ ದಿನ ಜೀಪು ಹಾರ್ನ್ ಹೊಡೀತಿತ್ತು, ಅವಸರದಾಗ ಮರತೆ. ಗೆರಿ. ಒಂದು ಗೆರಿ.
ಈಗ ಅಡ್ಡ ಕೊಯ್ಸಿದೆ. ನಾಲ್ಕು ಗಂಟೇಕ್ಕ ತಿಕ್ಕಿ ಕೊಟ್ಟ. ಕಣ್ಣಿಟ್ಟೆ. ಅದೇ ಚಕ್ಕೆಗಳು ಈಗ ಸಣ್ಣ ಗೆರಿಗಳಾಗಿ, ಎಲ್ಲಾ ಒಂದೇ ದಿಕ್ಕಿಗೆ, ಗಾರ್ನೆಟ್ ಬಳಸಿ ಹೋಗ್ಯಾವ. ಪದರ. ಬರೇ ಪದರ.
ಹಳೇ ಸ್ಲೈಡಿನ್ಯಾಗೂ ಸುಳಿವಿತ್ತು. ಒಂದು ಚಕ್ಕೆಗೂ ಬಾಜೂಕ ಕಾಣೋ ಸೀಳುಗೆರಿ ಇದ್ದಿಲ್ಲ, ಎಲ್ಲಾ ಅಂಗಾತ ಮಲಗಿದ್ವು. ಅಂದ್ರ ಪದರಕ್ಕ ಅಡ್ಡ ಅಲ್ಲ, ಪದರದ ಉದ್ದಕ್ಕೇ ಕೊಯ್ದಾರ ಅಂತ. ಛಂದ ಅಂತ ಬರದಿದ್ದು ಅದನ್ನೇ! ಕಾಲೇಜಿನ ಮೊದಲನೇ ವರ್ಷ ಹೇಳಿಕೊಡೋ ಮಾತು. ಅಳು ತಡಿಯಾಕ ಆಗಲಿಲ್ಲ. ಬಾಬಾಸಾಬ ನೀರು ಕೊಟ್ಟು ಹೊರಗ ಹೋದ.

18-3
ಪಕೀರಮ್ಮನ ಮನಿಗೆ ಹೋದೆ. ಊರಾಗ ಆಕಿ ಎದುರಿಗೇ ಅಂತಾರಂತ — ಮದ್ದು ಜಾಸ್ತಿ ಹಾಕಿ ತಾನಾಗೇ ಸತ್ತ ಅಂತ.
"ಮೂವತ್ತು ವರ್ಷ ಬಾವಿ ತೋಡ್ಯಾನ್ರಿ. ಅವಂದು ತಪ್ಪೇನ್ರಿ ಸಾಹೇಬ್ರ?"
ಬುಟ್ಟ್ಯಾಗ ಒಂದರ ಮ್ಯಾಲೊಂದು ಒಟ್ಟಿದ್ದ ಖಡಕ್ ರೊಟ್ಟಿ ತೋರಿಸಿದೆ. "ಮ್ಯಾಲಿಂದ ನೋಡಿದ್ರ ಒಂದೇ ರೊಟ್ಟಿ ಯವ್ವಾ. ಬಾಜೂಕ ನೋಡಿದ್ರ ಎಷ್ಟದಾವ ಗೊತ್ತಾಕೈತಿ. ಬಾವಿ ಕಲ್ಲೂ ಹಂಗ, ನಾ ಮ್ಯಾಲಿಂದ ನೋಡಿದೆ. ತಪ್ಪು ನಂದು."
ಬುಟ್ಟಿ ತನ್ನ ಕಡೆ ಎಳಕೊಂಡ್ಲು.
"ಅವ ಇದನ್ನೇ ಹೇಳಿದ್ನಲ್ರಿ ನಿಮಗ. ಮನ್ಯಾಗೂ ಹೇಳಿದ. ಮತ್ತ ತಾನೇ ಅಂದ, ಸಾಹೇಬ್ರು ನೋಡ್ಯಾರ, ನನಗೇನು ತಿಳೀತೈತಿ ಅಂತ."
ಬೈದಿದ್ರ ಛಲೋ ಇತ್ತು. ಬೈಲಿಲ್ಲ. ಬಾಗಲ ತನಕ ಬಂದು ಅಂದ್ಲು, "ಬರದು ಕೊಡ್ರಿ. ಅವಂದು ತಪ್ಪಿಲ್ಲ ಅಂತ. ಊರ ಮುಂದ ಓದಸ್ತೀನಿ."

19-3
ಬೆಳಗಿಂದ ಹಾಳಿ ಮುಂದಿಟ್ಟುಕೊಂಡು ಕುಂತೀನಿ. ನೌಕರಿ ಹೋಗತೈತಿ. ಜೇಲೂ ಆಗಬಹುದು. ಅಂಜಿಕಿ ಆಗೇತಿ, ಸುಳ್ಳ್ಯಾಕ. ಪಕೀರಮ್ಮಗ ತಿಳೀಬೇಕು, ಇಂಗ್ಲಿಷ್ ಬ್ಯಾಡ. ಮೊದಲ ಇಲ್ಲಿ ಬರದು ನೋಡ್ತೀನಿ:
"ಪದರ ಐತಿ ಅಂತ ಹೊನ್ನೂರಪ್ಪ ಹೇಳಿದ್ದ. ನಾನು ನಕ್ಕೆ. ಎಲ್ಲಾರೂ ನಕ್ಕರು. ಅವ ಇಳದ. ನಾನು—