ದಿಬ್ಬದ ಮೇಲಿನ ಅರಳಿ

ದಿಬ್ಬ ಕಟ್ಟಿದ ಮೇಲಿನ ವರ್ಷ ಇನ್ನೂರ ಹನ್ನೊಂದು, ಎರಡನೇ ಬೇಸಿಗೆಯ ಕೊನೆ.

ಡಿಯರ್ ಸರ್ ಮತ್ತು ಮೇಡಂ, ದಿಬ್ಬ ಕಟ್ಟುತ್ತಿರುವ ಹಿರಿಯರೇ,

ಹೀಗೆ ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನಿಮ್ಮ ಕಾಲದ ಇಂಗ್ಲಿಷನ್ನು ಎರಡು ವರ್ಷ ಓದಿ ಅರ್ಧ ಮರೆತವನು ನಾನು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು, ಕ್ಷಮಿಸಿ. ಎರಡನೇ ಬೇಸಿಗೆ ಎಂದರೆ ದೀಪಾವಳಿ ಕಳೆದ ಮೇಲೆ ಮರಳಿ ಬರುವ ಸುಡುಬಿಸಿಲು. ಅದರ ಬೆನ್ನಿಗೇ ದೊಡ್ಡ ಮಳೆ. ನಿಮಗೆ ಒಂದೇ ಬೇಸಿಗೆ ಇತ್ತಂತೆ, ಪುಣ್ಯವಂತರು. ಕೂತಲ್ಲಿ ಕೂರಲಾಗುತ್ತಿಲ್ಲ, ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲಿಗೆ ಹೋಗಿ ಮೋಡ ನೋಡಿ ಬರುತ್ತೇನೆ.

ನೀವು ನಮ್ಮೂರ ಹೊರಗೆ ಹೂತದ್ದು ಅಂಥ ಘನಂದಾರಿ ವಸ್ತುವೇನಲ್ಲ. ಅಣುಸ್ಥಾವರದಲ್ಲಿ ತೊಟ್ಟ ಕೈಗವಸು, ನೆಲ ಒರೆಸಿದ ಬಟ್ಟೆ, ಹಳೆಯ ಫಿಲ್ಟರು; ವಿಕಿರಣ ಅಂಟಿದ ಕಸ. ಡ್ರಮ್ಮಿಗೆ ತುಂಬಿ, ಸಿಮೆಂಟು ಸುರಿದು, ಕಾಂಕ್ರೀಟು ಗುಂಡಿಯಲ್ಲಿಟ್ಟು, ಮೇಲೆ ಜೇಡಿಮಣ್ಣು ಹೊದಿಸಿ ಹುಲ್ಲು ಬೆಳೆಸಿದಿರಿ. ಮುನ್ನೂರು ವರ್ಷ ನೀರು ತಾಗದಿದ್ದರೆ ತಣ್ಣಗಾಗುತ್ತದೆ ಎಂದಿರಿ. ಕೆಲಸ ವೆರಿ ಗುಡ್. ಆದರೆ ದಿಬ್ಬದ ನೆತ್ತಿಯ ಮೇಲೆ ಎಚ್ಚರಿಕೆ ಕೆತ್ತಿದ ಕರಿಕಲ್ಲೊಂದನ್ನು ನಿಲ್ಲಿಸಿದಿರಲ್ಲ, ಅದು ಬೇಡವಾಗಿತ್ತು.

ಅಂಜಿಕೆ ಹುಟ್ಟಿಸುವ ಕಲ್ಲಿಗೆ ನಮ್ಮವರು ಅರಿಶಿನ ಹಚ್ಚದೆ ಬಿಡುತ್ತಾರೆಯೇ? ನನ್ನಜ್ಜಿಯ ಕಾಲಕ್ಕೇ ಅದು ದಿಬ್ಬದವ್ವ ಆಗಿತ್ತು. ಊರಿನ ಮನೆಗಳಿಗೆಲ್ಲ ಸಸಿ ಕೀಳುವ ಪಾಳಿ ಇದೆ. ಬೇರು ಆಳಕ್ಕಿಳಿಯಬಾರದೆಂದು, ಪಾಳಿ ಬಂದವರು ದಿಬ್ಬದ ಮೇಲೆ ಹುಟ್ಟಿದ ಜಾಲಿ, ಬೇವು ಎಲ್ಲ ಕಿತ್ತೆಸೆಯಬೇಕು. ಕಿತ್ತರು. ಕಲ್ಲಿನ ಮಗ್ಗುಲಲ್ಲಿ ಅರಳಿಯೊಂದು ಚಿಗುರಿತು. ಅರಳಿ ಕೀಳುವ ಪಾಪ ಯಾರಿಗೆ ಬೇಕು? ಎಲ್ಲರೂ ಮುಂದಿನ ಪಾಳಿಯವರಿಗೆ ಬಿಟ್ಟರು. ನಮ್ಮ ಪಾಳಿ ಬಂದಾಗ ನನ್ನ ಹೆಂಡತಿ ಚಂಪವ್ವ ಅದಕ್ಕೆ ನೀರು ಹಾಕಿದಳು. ಮಕ್ಕಳಿಲ್ಲದ ನಮಗೆ ಅದೇ ಮಗ ಎಂದಳು. ಪಕ್ಕದಲ್ಲೊಂದು ಬೇವು ನೆಟ್ಟು, ಎರಡಕ್ಕೂ ಮದುವೆ ಮಾಡಿ ಊರಿಗೆಲ್ಲ ಹುಗ್ಗಿ ಬಡಿಸಿದಳು. ಆಕೆ ತೀರಿಕೊಂಡ ಮೇಲೆ ನಾನು ದಿನಾ ಅಲ್ಲಿಗೆ ಹೋಗಿ ಕೂರುತ್ತೇನೆ. ಬೇರೆಲ್ಲಿಗೆ ಹೋಗಲಿ?

ಕಳೆದ ವಾರ ಅಳತೆಯವಳು ಬಂದಿದ್ದಳು. ದಿಬ್ಬದ ಸುತ್ತಲಿನ ನೀರು, ಮಣ್ಣು ಪರೀಕ್ಷಿಸುವವರನ್ನು ಅಳತೆಯವರು ಎನ್ನುತ್ತೇವೆ. ಈಕೆ ಮೆಹರುನ್ನಿಸಾ, ನಮ್ಮೂರಿನ ಹುಡುಗಿಯೇ.

“ಕಾಕಾ, ಬೇರು ಜೇಡಿಮಣ್ಣು ಸೀಳಿ ಒಳಗ ಹೊಂಟಾವ. ಅದರ ಹಿಂದ ಮಳಿನೀರು ಇಳೀತದ. ಆಮ್ಯಾಲ ಊರ ಬಾವಿ ನೀರು ಯಾರು ಕುಡೀಬೇಕು?”

“ಕಡಿಸಿಬಿಡವ್ವ, ನನ್ನ ಯಾಕ ಕೇಳ್ತಿ?”

“ಯಾರೂ ಕೊಡ್ಲಿ ಮುಟ್ಟವಲ್ರು. ಮದುವಿ ಮಾಡಿದ ಮನಿಯವರೇ ಮೊದಲ ಏಟು ಹಾಕ್ಬೇಕಂತ.”

ಪಕ್ಕದ ಮನೆಯ ಸಿದ್ರಾಮ ಊರ ಕಟ್ಟೆಯ ಮೇಲಿಂದಲೇ ಕೂಗಿದ: “ಹುಗ್ಗಿ ಉಂಡೇವಿ ಅಂತ ಕೊಡ್ಲಿನೂ ನಾವೇ ಹಿಡೀಬೇಕೇನೋ ಮಾರಾಯಾ!” ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಮನೆಗೆ ಬಂದ ಮೇಲೆ ಉಣ್ಣಲಾಗಲಿಲ್ಲ.

ಆದ್ದರಿಂದ ಐ ಹಂಬ್ಲಿ ರಿಕ್ವೆಸ್ಟ್. ಹೂಳುವುದನ್ನು ಹೂಳಿ, ಕಲ್ಲು ಮಾತ್ರ ನಿಲ್ಲಿಸಬೇಡಿ. ಒಳಗೆ ಭೂತವಿದೆ, ಮೃತ್ಯುವಿದೆ ಎಂದು ಯಾರನ್ನೂ ಹೆದರಿಸಬೇಡಿ. ಕೈಗವಸು ಇದೆ, ಒರೆಸಿದ ಬಟ್ಟೆ ಇದೆ, ಇಂಥ ಕಡೆ ಕೆಲಸ ಮಾಡಿದವರದು, ಇಷ್ಟು ವರ್ಷ ನೀರು ಬಿಡಬಾರದು ಎಂದು ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಅವರು ತಮ್ಮ ಮೊಮ್ಮಕ್ಕಳಿಗೆ ಹೇಳಲಿ. ಹರಿದ ಕೈಗವಸಿಗೆ ಯಾರೂ ಮದುವೆ ಮಂಟಪ ಹಾಕುವುದಿಲ್ಲ.

ಮೆಹರುನ್ನಿಸಾ ಹೊರಗೆ ನಿಂತು ಕರೆಯುತ್ತಿದ್ದಾಳೆ. ಕೊಡಲಿ ಆಕೆಯೇ ತಂದಿದ್ದಾಳೆ. ಗಾಳಿ ಇಲ್ಲದಿದ್ದರೂ ಅರಳಿ ಎಲೆ ಅಲ್ಲಾಡುತ್ತಲೇ ಇರುತ್ತದೆ, ಗೊತ್ತಲ್ಲ. ಅದು ಸುಮ್ಮನಾಗಲಿ ಎಂದು ಕಾದರೆ ಮಳೆ ಕಾಯುವುದಿಲ್ಲ. ಹೋಗುತ್ತೇನೆ.

ಯುವರ್ಸ್ ಒಬೀಡಿಯಂಟ್ಲಿ,
ಶಿವಪುತ್ರಪ್ಪ, ಚಂಪವ್ವನ ಗಂಡ