ತಲಿ ಮ್ಯಾಲಿನ ಮಣ್ಣು

ಮೇ 24, 1993. ಅಫಜಲಪುರ

ಇವತ್ತೂ ಮಣ್ಣು ತುಳಿಯೋದೇ. ಅಂಗಾಲಾಗ ಬೊಬ್ಬಿ ಎದ್ದಾವ. ಮಣ್ಣಿನ ಮನಿ ಕಟ್ಟೋದು ಕಲ್ತು ಬಾ ಅಂತ ನಮ್ಮೂರ ಮಹಿಳಾ ಸಂಘ ಕಳಿಸ್ಯಾದ. ಆಳಂದ ಕಡೆಯಿಂದ ನಾ ಒಬ್ಬಾಕೇ. ಸಂಘದ ಮನಿ ನಾವೇ ಕಟ್ಕೋಬೇಕು — ಗುತ್ತೇದಾರನ ಮಾರಿ ನೋಡದ. ಬಸ್ ಸ್ಟ್ಯಾಂಡಿನ್ಯಾಗ ಅಣ್ಣ ನಕ್ಕ. "ಮಣ್ಣಾಗ ಹುಟ್ಟಿದಾಕಿಗೆ ಮಣ್ಣಿನ ಟ್ರೇನಿಂಗ್!"

ನಗಲಿ.

ಮೇ 28

ಕಲಿಸೋ ಜಹೀರುದ್ದೀನ ಸಾಹೇಬ್ರು ರಿಟೈರ್ಡ್ ಇಂಜಿನಿಯರ್. ಕಲಿಸೋದ್ಕಿಂತ ಬಯ್ಯೋದು ಜಾಸ್ತಿ. ನಿಮ್ಮ ಮಾಳಿಗಿ ಮ್ಯಾಲ ಎಷ್ಟು ಮಣ್ಣದ ಅಂತ ಕೇಳಿದ್ರು. ಸೋರಬಾರದಂತ ವರ್ಷಾವರ್ಷಾ ಜೂನಿನ ಮಿರಗದ ಮಳಿಗೆ ಮುಂಚೆ ಹಾಕತೀವ್ರಿ, ಅಂದೆ.

"ಹಳೇದು ತಗೀತೀರೇನು?"

"ಇಲ್ರಿ. ಹಿರಿಯರು ಹಾಕಿದ್ದು ತಗದ್ರ ಮನಿ ಬರ್ಕತ್ ಹೋಗ್ತದಂತಾರ."

"ತೋಬಾ! ಅಜ್ಜಂದು, ಅಪ್ಪಂದು ಎಲ್ಲಾ ತಲಿ ಮ್ಯಾಲ ಇಟ್ಕೊಂಡು ಮಲಗ್ತೀರಿ. ಜಂತಿ ಏನು ಕಬ್ಬಿಣದ್ದೇನ್ರಿ? ಮೊದಲ ಹೋಗಿ ಆ ಹಳೇ ಮಣ್ಣು ತಗಸ್ರಿ."

ರೊಟ್ಟಿ ಸೇರಲಿಲ್ಲ. ಅವ್ವ ಪಡಸಾಲ್ಯಾಗ, ಅದೇ ಮಾಳಿಗಿ ಕೆಳಗ ಮಲಗ್ತಾಳ.

ಜೂನ್ 5. ಮನಿ

ನಾ ಬರೂದ್ರಾಗ ಅಣ್ಣ ಮಾಳಿಗಿ ಮ್ಯಾಲ. ಹೊಸಾ ಮಣ್ಣು, ಬುಟ್ಟಿ ಮ್ಯಾಲ ಬುಟ್ಟಿ. ಹೇಳಿದೆ. ಜಗಳಾಡಿದೆ. ಕಡೀಕ ಕೈ ಮುಗದೆ.

"ಅಪ್ಪ ಕೈಯಾರೆ ಹಾಕಿದ ಮಣ್ಣದ ಬೇ ಇದು. ನಾಕ್ ದಿನ ಟ್ರೇನಿಂಗ್ ಮಾಡ್ಕೊಂಡು ಬಂದು ಅಪ್ಪನ ಮನಿ ಕೆಡವಾಕ ಬಂದೀ?"

ಅವ್ವ ನಡುವ ಬಂದ್ಲು. "ಈಗ ತಗದ್ರ ಮಳಿಗೆ ಸೋರ್ತದ ಶಿವಕಾಂತಾ. ದೀಪಾವಳಿಗೆ ತಗಸೂಣು."

ದೀಪಾವಳಿ! ಅಲ್ಲೀತನಕ ಜೀವ ಕೈಯಾಗ ಹಿಡ್ಕೊಂಡಿರಬೇಕು.

ಸೆಪ್ಟೆಂಬರ್ 28. ನೆಲೋಗಿ

ಎರಡನೇ ಟ್ರೇನಿಂಗ್. ಜೇವರ್ಗಿಯಿಂದ ಬಸ್ಸಿನ್ಯಾಗ ನಿಂತೇ ಬಂದೆ. ಇಲ್ಲಿ ಸಂಘದ ಮನಿ ಗ್ವಾಡಿ ಎದಿಮಟ ಬಂದಾವ. ಹೆಂಗಸರೇ ಕಟ್ಟಾಕತ್ತಾರ, ಹಾಡ್ಕೋತ. ಹೊಟ್ಟಿಕಿಚ್ಚು ಆತು, ಸುಳ್ಳ್ಯಾಕ ಹೇಳ್ಲಿ.

ಅಕ್ಟೋಬರ್ 9. ಊರು

ಬರೀಬೇಕು.

ಮೂವತ್ತನೇ ತಾರೀಖು ನಸುಕಿನ್ಯಾಗ ಭೂಕಂಪ. ಅಣ್ಣ ಗಣಪತಿ ಕಳಿಸಿ ಬಂದವ ಹೊರಗ ಕಟ್ಟಿ ಮ್ಯಾಲೇ ಮಲಗಿದ್ದ, ಉಳದ. ಮನಿ ಗ್ವಾಡಿ ಹಂಗೇ ನಿಂತಾವ. ಜಂತಿ ಮುರದು ಮಾಳಿಗಿ ಕುಂತದ.

ಹಳೇ ಮಣ್ಣು ತಗದ್ರು, ಕಡೀಕೂ. ಅವ್ವನ ಮ್ಯಾಲಿಂದ. ಅಣ್ಣನೇ ಸಲಿಕಿ ಹಿಡದಿದ್ದನಂತ.

ನನಗ ಅಳು ಬರವಲ್ದು. ಸಿಟ್ಟು ಬರಾಕತ್ತದ.

ಅಕ್ಟೋಬರ್ 23

ಸಂಘದ ಮೀಟಿಂಗ್. ತುಳಜಾಬಾಯಿ ನಮ್ಮ ಅಧ್ಯಕ್ಷಿಣಿ. ಗುತ್ತೇದಾರ ಬ್ಯಾಡ ಅಂತ ಎಲ್ಲಾರ್ಕಿಂತ ಜೋರಾಗಿ ಒದರಿದಾಕಿ ಅಕಿನೇ. ಇವತ್ತು ಅಂದ್ಲು, "ಮಣ್ಣಿನ ಸುದ್ದಿ ಸಾಕಕ್ಕಾ. ನಿಮ್ಮವ್ವನ್ನ ತಿಂದದ್ದು ಮಣ್ಣೇ." ಸಂಘದ ಮನಿ ಸಿಮೆಂಟಿಂದೇ ಅಂತ ಠರಾವು ಆತು. ಆ ಕೆಲಸ ಹಿಡಿಯೋ ಗುತ್ತೇದಾರನೂ ಬಂದು ಕುಂತಿದ್ದ — ನಮ್ಮಣ್ಣನೇ.

ಎದ್ದು ನಿಂತು ಕಣ್ಣೊರಸ್ಕೊಂಡ. ಖರೇನೇ ಅತ್ತ, ಅದೇ ಸಂಕಟ.

"ನಮ್ಮ ತಂಗಿ ಮೊದಲೇ ಹೇಳಿದ್ಲ್ರಿ, ಮಣ್ಣಿನ ಮನಿ ಬ್ಯಾಡಂತ. ನಾ ಕೇಳಲಿಲ್ಲ. ಬೇಕಾದ್ರ ಅಕಿನ್ನೇ ಕೇಳ್ರಿ."

ಎಲ್ಲಾರೂ ನನ್ನ ಕಡಿ ತಿರುಗಿದ್ರು. ಎದ್ದೆ. ಅಣ್ಣ ಕೈ ಹಿಡದ. ಅದೇ ಸಲಿಕಿ ಹಿಡದ ಕೈ, ಗಾಯ ಇನ್ನ ಮಾದಿಲ್ಲ. ಬಾಯಿ ತಗದೆ. ನಾ ಹೇಳಿದ್ದು ಅದಲ್ಲ, ನಾ ಹೇಳಿದ್ದು ಮಾಳಿಗಿ ಮ್ಯಾಲಿನ ಹಳೇ ಮಣ್ಣು ತಗೀರಿ ಅಂತ —